ಬೆಳಕಿಗೆ ಕಾದ ಎಂಜಿನಿಯರ್

ಪುಣೆಯಲ್ಲಿ ಕೆಲಸ ಮಾಡುವ ನಮ್ಮಂಥ ಕನ್ನಡಿಗರಿಗೆ ಮೂರು ದಿನ ರಜೆ ಸಿಕ್ಕರೆ ಮೊದಲು ನೆನಪಾಗುವುದು ಎಲ್ಲೋರಾ. ಅಲ್ಲಿನ ಕೈಲಾಸ ದೇಗುಲ ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದಲ್ಲವೇ? ಕಳೆದ ಸಲ ಹೋದಾಗ ಬೆಳಿಗ್ಗೆಯೇ ಮುನ್ನೂರು ಫೋಟೊ ತೆಗೆದೆ. ಆಮೇಲೆ ಹತ್ತಿರದ ಖುಲ್ತಾಬಾದ್‌ನಲ್ಲಿ ಚಹಾ ಕುಡಿಯುತ್ತಾ ಮೊಬೈಲ್ ನೋಡಿದರೆ ಒಂದರಲ್ಲೂ ಜೀವವಿಲ್ಲ. ಅಷ್ಟು ದೊಡ್ಡ ಬಂಡೆ ಗೋಡೆಯ ಕ್ಯಾಲೆಂಡರ್‌ನಂತೆ ಚಪ್ಪಟೆಯಾಗಿತ್ತು. ಆಗ ನೆನಪಾದವರು, ಇದೇ ಗುಹೆಗಳನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಗಾಜಿನ ಮೇಲೆ ಹಿಡಿದಿಟ್ಟ ರಾಜಾ ದೀನ್ ದಯಾಳ್.

ಅವರೂ ಎಂಜಿನಿಯರಿಂಗ್ ಓದಿದವರೇ. ಹುಟ್ಟಿದ್ದು 1844ರಲ್ಲಿ, ಮೀರತ್ ಬಳಿಯ ಸರ್ಧಾನಾದ ಜೈನ ಕುಟುಂಬದಲ್ಲಿ. ಓದಿದ್ದು ಇಂದು ಐಐಟಿ ಆಗಿರುವ ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ. 1866ರಲ್ಲಿ ಇಂದೋರ್‌ನ ಲೋಕೋಪಯೋಗಿ ಇಲಾಖೆ ಸೇರಿ, ನಕ್ಷೆ ಬರೆಯುವ, ಖರ್ಚಿನ ಅಂದಾಜು ಹಾಕುವ ಕೆಲಸ ಹಿಡಿದರು. ಕ್ಯಾಮೆರಾ ಕೈಗೆತ್ತಿಕೊಂಡಿದ್ದು 1874ರಲ್ಲಿ, ಮೂವತ್ತರ ವಯಸ್ಸಿನಲ್ಲಿ. ಇನ್ನು ಹೊಸದೇನನ್ನೂ ಕಲಿಯಲಾರೆವು ಎಂದು ನಮ್ಮಲ್ಲಿ ಅನೇಕರು ಕೈಚೆಲ್ಲುವ ವಯಸ್ಸದು.

ಆಗ ಫೋಟೊ ತೆಗೆಯುವುದೆಂದರೆ ದೊಡ್ಡ ಸಾಹಸ. ಗಾಜಿನ ಹಲಗೆಗೆ ಕೊಲೋಡಿಯನ್ ಬಳಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಅದು ಒಣಗುವ ಮೊದಲೇ ಚಿತ್ರ ತೆಗೆದು, ಕತ್ತಲ ಡೇರೆಯೊಳಗೆ ಸಂಸ್ಕರಿಸಬೇಕಿತ್ತು. ಮುಂದೆ ಒಣ ಫಲಕಗಳು ಬಂದು ಕಷ್ಟ ಕಡಿಮೆಯಾಯಿತು. ಆದರೂ ಭಾರದ ಪೆಟ್ಟಿಗೆ, ಒಡೆಯುವ ಗಾಜು ತಪ್ಪಲಿಲ್ಲ. ಬಿಸಿಲು ನೋಡದೆ ಅವಸರಪಟ್ಟರೆ ಒಂದು ಫಲಕ ಹಾಳು. ಹಾಗಾಗಿ ಮೊದಲು ನೋಡಬೇಕು, ಕಾಯಬೇಕು, ಆಮೇಲೆ ತೆಗೆಯಬೇಕು.

ಅಧಿಕಾರಿ ಹೆನ್ರಿ ಡೇಲಿ ಪ್ರೋತ್ಸಾಹ ಕೊಟ್ಟರು. 1882-83ರಲ್ಲಿ ಲೆಪೆಲ್ ಗ್ರಿಫಿನ್ ಜೊತೆ ಬುಂದೇಲಖಂಡ ಸುತ್ತಿದರು. ಮಧ್ಯಭಾರತದ ಸ್ಮಾರಕಗಳ ಅವರ ಚಿತ್ರಗಳು 1886ರಲ್ಲಿ ಪುಸ್ತಕವಾಗಿ ಬಂದವು. ಅವರ ಕಟ್ಟಡದ ಚಿತ್ರಗಳಲ್ಲಿ ನಕ್ಷೆಗಾರನ ಕಣ್ಣು ಕಾಣುತ್ತದೆ. ಹಲವನ್ನು ನೇರ ಎದುರಿನಿಂದಲ್ಲ, ಮೂಲೆಯಿಂದ ತೆಗೆದಿದ್ದಾರೆ; ಎರಡು ಗೋಡೆಗಳು ಕಂಡು ಆಳ ಮೂಡುತ್ತದೆ. ಪಕ್ಕದಲ್ಲೊಬ್ಬ ಮನುಷ್ಯ ನಿಂತಿದ್ದರೆ ಎತ್ತರ ತಿಳಿಯುತ್ತದೆ. ನೆರಳಿನಿಂದ ಕೆತ್ತನೆ ಎದ್ದು ಬರುತ್ತದೆ.

1880ರ ದಶಕದಲ್ಲಿ ಅವರು ಭದ್ರವಾದ ಸರ್ಕಾರಿ ನೌಕರಿ ಬಿಟ್ಟರು. ಸಿಕಂದರಾಬಾದ್‌ನಲ್ಲಿ ಸ್ಟುಡಿಯೊ ತೆರೆದು, ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ಆಸ್ಥಾನದ ಛಾಯಾಗ್ರಾಹಕರಾದರು. ನಮ್ಮ ಬೀದರ್, ಕಲಬುರಗಿ, ರಾಯಚೂರು ಇದ್ದ ಹಾಗೆ ಔರಂಗಾಬಾದ್ ಸೀಮೆಯೂ ಆಗ ನಿಜಾಮನದೇ. ಹೀಗೆ ಎಲ್ಲೋರಾ, ದೌಲತಾಬಾದ್, ಆಗ ರೌಜಾ ಎನ್ನುತ್ತಿದ್ದ ಖುಲ್ತಾಬಾದ್ ಅವರ ಕ್ಯಾಮೆರಾಗೆ ಸಿಕ್ಕವು. ಪರದೆಯಲ್ಲಿದ್ದ ಹೆಂಗಸರಿಗಾಗಿ 1892ರಲ್ಲಿ ಹೈದರಾಬಾದ್‌ನಲ್ಲಿ ಮಹಿಳೆಯೊಬ್ಬರೇ ನಡೆಸುವ ಸ್ಟುಡಿಯೊ ತೆರೆದರು. 1894ರಲ್ಲಿ ನಿಜಾಮ ಮುಸವ್ವಿರ್ ಜಂಗ್ ಬಿರುದು ಕೊಟ್ಟ. 1896ರಲ್ಲಿ ಮುಂಬೈಯಲ್ಲೂ ಸ್ಟುಡಿಯೊ ಆಯಿತು. ಮರುವರ್ಷ ವಿಕ್ಟೋರಿಯಾ ರಾಣಿಯ ಮನ್ನಣೆಯೂ ಬಂತು.

ಆದರೆ ಕೊನೆಗಾಲ ಸುಖದ್ದಾಗಿರಲಿಲ್ಲ. 1904ರಲ್ಲಿ ಮಗ ಧರಂ ಚಂದ್ ತೀರಿಕೊಂಡರು. ಮರುವರ್ಷ ಜುಲೈನಲ್ಲಿ ತಂದೆಯೂ ಹೋದರು. ಒಡೆಯದೆ ಉಳಿದ 2,857 ಗಾಜಿನ ನೆಗೆಟಿವ್‌ಗಳನ್ನು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಕೊಂಡುಕೊಂಡಿತು. ಆ ಗಾಜು ಉಳಿಯದಿದ್ದರೆ ಅಂದಿನ ದಖ್ಖನ್ನಿನ ಎಷ್ಟೋ ಮುಖಗಳನ್ನು, ಕಟ್ಟಡಗಳನ್ನು ನಾವು ನೋಡುತ್ತಲೇ ಇರಲಿಲ್ಲ.

ಚಹಾ ಮುಗಿಸಿ ಮತ್ತೆ ಎಲ್ಲೋರಾಕ್ಕೆ ಹೋದೆ. ಗುಹೆಗಳು ಪಶ್ಚಿಮಕ್ಕೆ ಮುಖ ಮಾಡಿವೆ. ಬೆಳಿಗ್ಗೆ ನಾನು ತೆಗೆದದ್ದೆಲ್ಲ ಬರೀ ನೆರಳು ಎಂದು ಆಗ ಹೊಳೆಯಿತು. ಮೊಬೈಲ್ ಜೇಬಲ್ಲಿಟ್ಟು ಕೂತೆ. ನಾಲ್ಕರ ನಂತರ ಬಿಸಿಲು ಓರೆಯಾಗಿ ಒಳಬಂತು. ಅಂದು ತೆಗೆದದ್ದು ಆರೇ ಫೋಟೊ. ಒಂದನ್ನು ಊರಲ್ಲಿರುವ ಅಮ್ಮನಿಗೆ ಕಳಿಸಿದೆ. ನಾನು ಕಳಿಸುವ ಎಲ್ಲ ಫೋಟೊಗಳಿಗೂ ಹೆಬ್ಬೆರಳಿನ ಚಿಹ್ನೆ ಒತ್ತಿ ಸುಮ್ಮನಾಗುವ ಅಮ್ಮ, ಈ ಸಲ ಫೋನ್ ಮಾಡಿ, ಕಂಬದ ಹಿಂದಿನ ಕಂಬದ ಆಚೆ ಏನಿದೆಯೋ ಎಂದು ಕೇಳಿದರು.