ಬೇಟೆಗೂ ಶಾಸ್ತ್ರ ಬರೆದ ದೊರೆ ಮೂರನೆಯ ಸೋಮೇಶ್ವರ

ಹಾವೇರಿ: ಸವಣೂರು ತಾಲ್ಲೂಕಿನ ಯಲವಿಗಿಯ ಸುತ್ತಲಿನ ಬಯಲು ಒಂದು ಕಾಲದಲ್ಲಿ ಕಲ್ಯಾಣ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿತ್ತು. ಆ ವಂಶದಲ್ಲಿ ಗೆಲುವಿಗಿಂತ ಗ್ರಂಥದಿಂದಲೇ ಹೆಸರು ಉಳಿಸಿಕೊಂಡ ಅರಸ ಮೂರನೆಯ ಸೋಮೇಶ್ವರ.

ಆರನೆಯ ವಿಕ್ರಮಾದಿತ್ಯನ ಮಗನಾದ ಸೋಮೇಶ್ವರನು 1126ರಲ್ಲಿ ಪಟ್ಟವೇರಿದನು. ಇಂದಿನ ಬಸವಕಲ್ಯಾಣವೇ ಅವನ ರಾಜಧಾನಿ. ಭೂಲೋಕಮಲ್ಲ ಎಂಬುದು ಬಿರುದು. ಪಾಂಡಿತ್ಯಕ್ಕೆ ದೊರೆತ ಹೆಸರು ಸರ್ವಜ್ಞ ಚಕ್ರವರ್ತಿ. ಪಟ್ಟವೇರಿದ ಮೂರು ವರ್ಷಗಳಲ್ಲಿಯೇ, 1129ರ ಸುಮಾರಿಗೆ, ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದನು. 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಇನ್ನೊಂದು ಹೆಸರೂ ಅದಕ್ಕುಂಟು. ಇಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟು ನೂರು ಅಧ್ಯಾಯ. ರಾಜನೀತಿಯಿಂದ ಅಡುಗೆಯವರೆಗೆ, ಸಂಗೀತದಿಂದ ಮೀನುಗಾರಿಕೆಯವರೆಗೆ ಅರಸನು ತಿಳಿದಿರಬೇಕಾದುದೆಲ್ಲ ಅಲ್ಲಿದೆ.

ವಿನೋದಗಳ ಭಾಗದಲ್ಲಿ ಮೃಗಬೇಟೆಗೂ ಸ್ಥಾನವಿದೆ. ನಾಯಿಗಳ ವಿನೋದಕ್ಕೆ ಪ್ರತ್ಯೇಕ ಅಧ್ಯಾಯವೇ ಮೀಸಲು. ಬೇಟೆಯನ್ನು ಕಲಿತು ಮಾಡಬೇಕಾದ ವಿದ್ಯೆಯೆಂದೇ ದೊರೆ ಎಣಿಸಿದ್ದನು. ಭಾರತದಲ್ಲಿ ಚೀತಾ, ಅಂದರೆ ಸಿವಂಗಿಯನ್ನು ಪಳಗಿಸಿ ಬೇಟೆಗೆ ಬಳಸಿದ ಬಗ್ಗೆ ದೊರೆಯುವ ಅತ್ಯಂತ ಹಳೆಯ ಉಲ್ಲೇಖವೂ ಇದೇ ಗ್ರಂಥದ್ದೆಂದು ವಿದ್ವಾಂಸರು ಗುರುತಿಸಿದ್ದಾರೆ. ಸಿವಂಗಿಯ ಓಟ ಬಿರುಸಾದರೂ ಅಲ್ಪಕಾಲದ್ದು. ಆದ್ದರಿಂದ ಹಿಂಡಿನ ಸಮೀಪಕ್ಕೆ ಸದ್ದಿಲ್ಲದೆ ಕರೆದೊಯ್ದು ಬಿಡುವುದರಲ್ಲಿಯೇ ಬೇಟೆಗಾರನ ಜಾಣ್ಮೆ ಅಡಗಿತ್ತು. ಪಳಗಿದ ಜಿಂಕೆಯನ್ನು ಮುಂದಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವ ಉಪಾಯವೂ ಕನ್ನಡ ನಾಡಿಗೆ ಹೊಸದಲ್ಲ. ಅಂಥ ಮೃಗಕ್ಕೆ ಹಳೆಯ ಕನ್ನಡದಲ್ಲಿ 'ದೀಹ' ಎಂಬ ಪದವೇ ಇದೆ.

ಆದರೆ ವಿನೋದಗಳ ಪಟ್ಟಿ ಬೆಳೆದಂತೆ ರಾಜ್ಯದ ಗಡಿ ಬೆಳೆಯಲಿಲ್ಲ. ದಕ್ಷಿಣದಲ್ಲಿ ಸಾಮಂತನಾಗಿದ್ದ ಹೊಯ್ಸಳ ವಿಷ್ಣುವರ್ಧನನು ಆ ದಶಕಗಳಲ್ಲಿ ಹಾನಗಲ್ಲು, ಬಂಕಾಪುರಗಳತ್ತ ಒತ್ತಿ ಬಂದನು. ಪೂರ್ವದಲ್ಲಿ ವೆಂಗಿ ಕೈತಪ್ಪಿತು. ತಂದೆಯ ಚರಿತ್ರೆಯಾದ 'ವಿಕ್ರಮಾಂಕಾಭ್ಯುದಯ'ವೂ ಅಪೂರ್ಣವಾಗಿಯೇ ಉಳಿಯಿತು. 1138ರ ಸುಮಾರಿಗೆ ಅವನ ಆಳ್ವಿಕೆ ಕೊನೆಗೊಂಡು, ಮಗ ಎರಡನೆಯ ಜಗದೇಕಮಲ್ಲ ಪಟ್ಟಕ್ಕೆ ಬಂದನು.

ಅವನ ಗ್ರಂಥದ ಬೇಟೆಗಾರ ಮೃಗವೂ ಈ ನೆಲದಲ್ಲಿ ಉಳಿಯಲಿಲ್ಲ. ಭಾರತದಲ್ಲಿ ಚೀತಾ ಅಳಿದಿದೆಯೆಂದು 1952ರಲ್ಲಿ ಘೋಷಿಸಲಾಯಿತು. 2022ರಲ್ಲಿ ಆಫ್ರಿಕಾದಿಂದ ತಂದ ಚೀತಾಗಳನ್ನು ಮಧ್ಯಪ್ರದೇಶದ ಕುನೋದಲ್ಲಿ ಬಿಡಲಾಯಿತು. ಬೇಟೆಗೆ ಗುರಿಯಾಗುತ್ತಿದ್ದ ಕೃಷ್ಣಮೃಗ ಮಾತ್ರ ಬದುಕುಳಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ನೀಡಿತು. 1974ರಲ್ಲಿ ಯಲವಿಗಿ ಇರುವ ಇದೇ ಹಾವೇರಿ ಸೀಮೆಯ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ ಅಭಯಾರಣ್ಯ ಸ್ಥಾಪನೆಯಾಯಿತು. ಉತ್ತರ ಕರ್ನಾಟಕದ ಜನರ ಬಾಯಲ್ಲಿ ಅದು ಚಿಗರಿ. ಹುಬ್ಬಳ್ಳಿ-ಧಾರವಾಡದ ತ್ವರಿತ ಬಸ್ಸುಗಳಿಗೂ ಅದೇ ಹೆಸರು.

ಜಿಂಕೆಯ ಬೇಟೆ ಇಂದು ಶಿಕ್ಷಾರ್ಹ ಅಪರಾಧ. ಹೊಸಬನಿಗೆ ಸೋಮೇಶ್ವರನ ಗ್ರಂಥದಿಂದ ಇಂದು ದಕ್ಕುವುದು ಬಿಲ್ಲು-ಬಲೆಗಳ ಪಾಠವಲ್ಲ, ಪ್ರಾಣಿಯನ್ನು ತಾಳ್ಮೆಯಿಂದ ಗಮನಿಸುವ ಕಣ್ಣು. ಒಂಬತ್ತು ಶತಮಾನಗಳ ಬಳಿಕವೂ ಆ ದೊರೆಯನ್ನು ನೆನೆಯಲು ಅಷ್ಟು ಕಾರಣ ಸಾಕು.