ಮಾತೆ ಆಲ್ಫ್ರೆಡ್ ಅವರ ಜೀವನಚರಿತ್ರೆ

ವಿಪತ್ತು ಬಂದೊದಗಿದಾಗ ಅದು ಏತಕ್ಕೆ ಬಂದಿತೆಂದು ಕೇಳುವವರು ಬಹು ಮಂದಿ. ಬಂದ ಮೇಲೆ ತಾವು ಮಾಡತಕ್ಕದ್ದೇನೆಂದು ಆಲೋಚಿಸುವವರು ಕೆಲವರು. ಹಾಗೆ ಆಲೋಚಿಸಿದ ಕಾರ್ಯವನ್ನು ಕೈಗೊಂಡು, ಜನರ ಕಣ್ಣೀರು ಆರಿಹೋದ ಮೇಲೆಯೂ ಬಿಡದೆ ವರ್ಷಗಟ್ಟಲೆ ನಡೆಯಿಸುವವರು ತೀರ ಅಪರೂಪ. ಅಂತಹ ಅಪರೂಪದ ಉಪಾಧ್ಯಾಯಿನಿಯೊಬ್ಬರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಾಯ್ತಂದೆಗಳಿಗೂ ಈ ಸ್ಮರಣಸಂಚಿಕೆಯಲ್ಲಿ ಸಂಕ್ಷೇಪವಾಗಿ ತಿಳಿಸಬೇಕೆಂದಿದ್ದೇವೆ. ಅಮೇರಿಕಾ ದೇಶದ ಮೇಯೋ ಸೋದರರ ಹೆಸರನ್ನೂ ಅವರ ಚಿಕಿತ್ಸಾಲಯದ ಕೀರ್ತಿಯನ್ನೂ ನಮ್ಮಲ್ಲಿ ಅನೇಕರು ಕೇಳಿದ್ದಾರೆ. ಆದರೆ ಆ ಕೀರ್ತಿಗೆ ನೆಲೆಯನ್ನು ಒದಗಿಸಿದವರು ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದ ಒಬ್ಬ ಕನ್ಯಾಸ್ತ್ರೀಯೆಂಬುದನ್ನೂ, ಅದಕ್ಕೆ ಕಾರಣವಾದದ್ದು ಒಂದು ಸಂಜೆ ಬೀಸಿದ ಸುಂಟರಗಾಳಿಯೆಂಬುದನ್ನೂ ಬಲ್ಲವರು ಸ್ವಲ್ಪ ಮಂದಿ.

ಇವರ ಜನ್ಮಭೂಮಿ ಯೂರೋಪ್ ಖಂಡದ ಲಕ್ಸೆಂಬರ್ಗ್ ಎಂಬ ಚಿಕ್ಕ ದೇಶ. ಅಲ್ಲಿ ಮೋಸೆಲ್ ನದಿಯ ದಡದಲ್ಲಿರುವ ರೆಮಿಷ್ ಎಂಬ ಊರಿನಲ್ಲಿ 1828ನೆಯ ಇಸವಿ ಅಕ್ಟೋಬರ್ 28ರಂದು ಇವರು ಹುಟ್ಟಿದರು. ತಾಯ್ತಂದೆಗಳು ಇಟ್ಟ ಹೆಸರು ಮರಿಯಾ ಕ್ಯಾಥರೀನ್ ಮೋಯೆಸ್. ಬಾಲ್ಯದಲ್ಲಿ ಒಳ್ಳೆಯ ವಿದ್ಯಾಭ್ಯಾಸವನ್ನು ಪಡೆದು ಹಲವು ಭಾಷೆಗಳನ್ನು ಕಲಿತರು. ಅಮೇರಿಕಾದ ಮಿಲ್ವಾಕೀ ಪಟ್ಟಣದ ಬಿಷಪ್ಪರು ತಮ್ಮ ಸೀಮೆಯಲ್ಲಿ ಮಕ್ಕಳಿಗೆ ಕಲಿಸುವವರು ಸಾಲದೆಂದು ಯೂರೋಪಿನಲ್ಲಿ ಮಾಡಿದ ವಿಜ್ಞಾಪನೆಯು ಈ ಕನ್ಯೆಯ ಮನಸ್ಸನ್ನು ಕಲಕಿತು. 1851ರಲ್ಲಿ ತಮ್ಮ ಸೋದರಿಯೊಡನೆ ಹಡಗನ್ನೇರಿ ಸಮುದ್ರವನ್ನು ದಾಟಿದರು. ಆಗ ಅವರಿಗೆ ಇಪ್ಪತ್ತಮೂರು ವರ್ಷ ವಯಸ್ಸು ಕೂಡ ತುಂಬಿರಲಿಲ್ಲವೆಂದು ಹೇಳಬಹುದು. ಕನ್ಯಾಸ್ತ್ರೀಯರು ವ್ರತವನ್ನು ಸ್ವೀಕರಿಸುವಾಗ ಪುಣ್ಯಪುರುಷರ ಹೆಸರನ್ನು ಧರಿಸುವ ಪದ್ಧತಿಯಿರುವುದರಿಂದ ಇವರಿಗೆ ಮುಂದೆ ಆಲ್ಫ್ರೆಡ್ ಎಂಬ ಗಂಡು ಹೆಸರು ಬಂದಿತು.

ಇವರ ಮುಂದಿನ ಇಪ್ಪತ್ತೈದು ವರ್ಷಗಳು ಸುಗಮವಾಗಿ ಕಳೆಯಲಿಲ್ಲ. ಮೊದಲು ಮಿಲ್ವಾಕೀಯಲ್ಲಿ ಒಂದು ಸಂಘವನ್ನು ಸೇರಿ ಮೂರು ವರ್ಷಗಳ ತರುವಾಯ ಬಿಡಬೇಕಾಯಿತು. ಅನಂತರ ಇಂಡಿಯಾನಾ ಸೀಮೆಯಲ್ಲಿ ಇನ್ನೊಂದು ಸಂಘವನ್ನು ಸೇರಿ ಅದನ್ನೂ ಬಿಟ್ಟರು. ಕಡೆಗೆ ಸಂತ ಫ್ರಾನ್ಸಿಸರ ನಿಯಮವನ್ನು ಅವಲಂಬಿಸಿ, ಇಲಿನಾಯ್ ಸೀಮೆಯ ಜೋಲಿಯೆಟ್ ಪಟ್ಟಣದಲ್ಲಿ 1865ರಲ್ಲಿ ತಾವೇ ಒಂದು ಸಂಘವನ್ನು ಸ್ಥಾಪಿಸಿದರು. ಅದು ಬೆಳೆದು ಅನೇಕ ಪಾಠಶಾಲೆಗಳನ್ನು ನಡೆಯಿಸುವಂತಾದ ಮೇಲೆ, ಮೇಲಧಿಕಾರಿಗಳಿಗೂ ಇವರಿಗೂ ಅಭಿಪ್ರಾಯಭೇದವುಂಟಾಗಿ ಅಲ್ಲಿಯ ಮುಖ್ಯಸ್ಥಾನವು ಇವರಿಂದ ತಪ್ಪಿತು. ಇವರು ಹಟವಾದಿಗಳೆಂದು ಆಡಿಕೊಂಡವರುಂಟು, ಮತ್ತು ಆ ಮಾತು ಪೂರ್ತಿಯಾಗಿ ಸುಳ್ಳೂ ಅಲ್ಲ. ಮಹನೀಯರ ಚರಿತ್ರೆಯನ್ನು ಬರೆಯುವವರು ಅವರ ಸ್ವಭಾವದ ಮೊನಚನ್ನು ಮರೆಮಾಡಿದರೆ ಓದುವ ಮಕ್ಕಳಿಗೆ ಉಪಕಾರವಾಗದೆಂದು ನಾವು ಎಣಿಸುತ್ತೇವೆ. ಯಾವ ಹಟವು ಹಿರಿಯರಿಗೆ ಬೇಸರವನ್ನು ತಂದಿತೋ ಆ ಹಟವೇ ಮುಂದೆ ಸಾವಿರಾರು ರೋಗಿಗಳಿಗೆ ಆಶ್ರಯವಾಯಿತು.

1877ರಲ್ಲಿ ಮಾತೆ ಆಲ್ಫ್ರೆಡ್ ಅವರು ಉತ್ತರದ ಮಿನೆಸೋಟಾ ಸೀಮೆಯ ರಾಚೆಸ್ಟರ್ ಎಂಬ ಊರಿಗೆ ಬಂದು ಹೆಣ್ಣುಮಕ್ಕಳಿಗಾಗಿ ಒಂದು ಪಾಠಶಾಲೆಯನ್ನು ತೆರೆದರು. ಅದಕ್ಕೆ ಲೂರ್ದ್ ಮಾತೆಯ ಹೆಸರನ್ನಿಟ್ಟರು. ರಾಚೆಸ್ಟರ್ ಆಗ ಗೋದಿಯ ಹೊಲಗಳ ನಡುವೆ ಇದ್ದ, ಸುಮಾರು 5,000 ಜನರ ಸಣ್ಣ ಪಟ್ಟಣ. ಜೋಲಿಯೆಟ್ಟಿನ ಸಂಘಕ್ಕೆ ಹಿಂತಿರುಗುವುದೋ ಮಾತೆಯೊಡನೆ ಇಲ್ಲಿಯೇ ನಿಲ್ಲುವುದೋ ಎಂಬ ಪ್ರಶ್ನೆ ಬಂದಾಗ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಸೋದರಿಯರು ಇವರೊಡನೆ ನಿಂತರು. ಇವರೆಲ್ಲರೂ ಉಪಾಧ್ಯಾಯಿನಿಯರು. ಓದುಬರಹ, ಸಂಗೀತ, ಕಸೂತಿ ಇವುಗಳನ್ನು ಬಲ್ಲವರೇ ಹೊರತು, ರೋಗಿಗಳ ಶುಶ್ರೂಷೆಯನ್ನು ಕಲಿತವರು ಅವರಲ್ಲಿ ಇರಲಿಲ್ಲ. ಊರಿನಲ್ಲಿ ಆಸ್ಪತ್ರೆಯೂ ಇರಲಿಲ್ಲ.

ಅದೇ ಊರಿನಲ್ಲಿ ಡಾಕ್ಟರ್ ವಿಲಿಯಮ್ ವೊರಲ್ ಮೇಯೋ ಎಂಬ ವೈದ್ಯರು ಸಂಸಾರಸಮೇತರಾಗಿ ವಾಸವಾಗಿದ್ದರು. ಇವರು 1819ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಯೌವನದಲ್ಲಿ ಅಮೇರಿಕಾಕ್ಕೆ ವಲಸೆ ಬಂದವರು. ಪತ್ನಿ ಲೂಯಿಸಮ್ಮನವರು ಗೃಹಕೃತ್ಯಗಳ ನಡುವೆ ದೂರದರ್ಶಕವನ್ನು ಹಿಡಿದು ನಕ್ಷತ್ರಗಳನ್ನು ನೋಡುತ್ತಿದ್ದ ಜಾಣೆ. ಹಿರಿಯ ಮಗ ವಿಲಿಯಮ್ 1883ರಲ್ಲಿ ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮನೆಗೆ ಬಂದಿದ್ದನು. ಕಿರಿಯ ಮಗ ಚಾರ್ಲ್ಸನಿಗೆ ಆಗ ಹದಿನೆಂಟು ವರ್ಷ. ಅವನು ಇನ್ನೂ ಕಾಲೇಜಿಗೆ ಹೋಗತಕ್ಕವನು. ಈ ಕುಟುಂಬದವರು ಕಥೋಲಿಕರಲ್ಲ. ಮಾತೆ ಆಲ್ಫ್ರೆಡ್ ಅವರಿಗೂ ಇವರಿಗೂ ಅದುವರೆಗೆ ಒಂದೇ ಊರಿನವರೆಂಬುದಕ್ಕಿಂತ ಹೆಚ್ಚಿನ ಸಂಬಂಧವಿರಲಿಲ್ಲ.

ಬೇಸಗೆಯಲ್ಲಿ ನಮ್ಮ ಹೊಲಗಳಲ್ಲಿ ಧೂಳನ್ನೂ ತರಗೆಲೆಗಳನ್ನೂ ಎತ್ತಿ ತಿರುಗಿಸುವ ಸುಂಟರಗಾಳಿಯನ್ನು ಎಲ್ಲರೂ ನೋಡಿದ್ದೇವೆ. ಅಮೇರಿಕಾದ ಬಯಲುಸೀಮೆಯ ಸುಂಟರಗಾಳಿಯು ಇದರಂತೆಯೇ ತಿರುಗಿದರೂ ಬೇರೆ ಜಾತಿಯದು. ದಕ್ಷಿಣದ ಸಮುದ್ರದಿಂದ ಬರುವ ತೇವದ ಬಿಸಿಗಾಳಿಯೂ ಉತ್ತರ ಪಶ್ಚಿಮಗಳಿಂದ ಬರುವ ತಣ್ಣನೆಯ ಒಣಗಾಳಿಯೂ ಸಂಧಿಸಿದಾಗ ಭಯಂಕರವಾದ ಗುಡುಗುಮೋಡಗಳೆದ್ದು, ಅವುಗಳ ಹೊಟ್ಟೆಯಿಂದ ಆನೆಯ ಸೊಂಡಿಲಿನಂತೆ ಗಾಳಿಯ ಕಂಬವು ನೆಲಕ್ಕಿಳಿಯುತ್ತದೆ. ಅದು ಹಾದುಹೋದ ಪಟ್ಟೆಯಲ್ಲಿ ಗೋಡೆಯ ಮೇಲೆ ಗೋಡೆ ನಿಲ್ಲದು. ಸ್ವಲ್ಪ ಆಚೆಯ ಮನೆಯಲ್ಲಿ ಕಿಟಕಿಯ ಗಾಜು ಕೂಡ ಒಡೆಯದೆ ಇರುವುದುಂಟು.

1883ನೆಯ ಇಸವಿ ಆಗಸ್ಟ್ 21ರ ಸಂಜೆ, ಸುಮಾರು ಏಳು ಗಂಟೆಗೆ, ಇಂತಹ ಗಾಳಿಯು ರಾಚೆಸ್ಟರಿನ ಉತ್ತರಭಾಗವನ್ನು ಹೊಡೆಯಿತು. ಆ ಹೊತ್ತಿನಲ್ಲಿ ಮೇಯೋ ಸೋದರರಿಬ್ಬರೂ ಶಸ್ತ್ರಕ್ರಿಯೆಯ ಅಭ್ಯಾಸಕ್ಕಾಗಿ ಕಸಾಯಿಖಾನೆಯಿಂದ ಪ್ರಾಣಿಯ ತಲೆಯನ್ನು ತರಲು ಕುದುರೆಗಾಡಿಯಲ್ಲಿ ಊರಿನ ಆ ಭಾಗಕ್ಕೇ ಹೋಗಿದ್ದರು. ಮೋಡದ ಬಣ್ಣವನ್ನು ಕಂಡು ಗಾಡಿಯನ್ನು ಹಿಂದಿರುಗಿಸಿ ಓಡಿಸಿದರು. ಅವರು ನದಿಯ ಸೇತುವೆಯನ್ನು ದಾಟಿದ ಸ್ವಲ್ಪ ಹೊತ್ತಿಗೆ ಆ ಸೇತುವೆ ನಾಶವಾಯಿತು. ಬೀದಿಯಲ್ಲಿ ಒಂದು ಹೋಟೆಲಿನ ಮೇಲ್ಗಡೆಯ ಅಂಚು ಕಳಚಿ ಅವರ ಗಾಡಿಯ ಮುಂಭಾಗದ ಮೇಲೆಯೇ ಬಿದ್ದಿತು. ಒಂದು ಕಮ್ಮಾರಸಾಲೆಯಲ್ಲಿ ನುಗ್ಗಿ ಅವರು ಪ್ರಾಣವನ್ನು ಉಳಿಸಿಕೊಂಡರು. ಒಂದೆರಡು ನಿಮಿಷ ತಡವಾಗಿದ್ದರೆ ಆ ತಾಯ್ತಂದೆಗಳ ಮನೆ ಅಂದೇ ಬರಿದಾಗುತ್ತಿತ್ತು. ಆದರೆ ಅದೇ ಸಂಜೆ ಬೇರೆ ಮನೆಗಳು ಬರಿದಾದುವು. ಪಟ್ಟಣದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಸತ್ತವರು 37 ಮಂದಿ. ಗಾಯಗೊಂಡವರು ಸುಮಾರು 200 ಮಂದಿ. ನೂರಕ್ಕಿಂತ ಹೆಚ್ಚು ಮನೆಗಳು ನೆಲಸಮವಾದುವು.

ಒಬ್ಬ ಮಗನು ಉಳಿದು ನೆರೆಮನೆಯ ಮಗನು ಮಡಿದುದೇಕೆಂಬ ಪ್ರಶ್ನೆಗೆ ಆ ರಾತ್ರಿ ಯಾರಿಗೂ ಉತ್ತರ ತೋರಲಿಲ್ಲ. ಉತ್ತರವನ್ನು ಹುಡುಕುವುದಕ್ಕೆ ಪುರಸತ್ತೂ ಇರಲಿಲ್ಲ. ಗಾಯಾಳುಗಳನ್ನು ಮಲಗಿಸುವುದಕ್ಕೆ ಸ್ಥಳವಿಲ್ಲದೆ, ನೃತ್ಯಕ್ಕಾಗಿ ಕಟ್ಟಿದ್ದ ಒಂದು ಸಭಾಮಂದಿರವನ್ನು ಆಸ್ಪತ್ರೆಯಾಗಿ ಮಾಡಿದರು. ಹಿರಿಯ ಡಾಕ್ಟರ್ ಮೇಯೋ ಅವರು ಮೇಲ್ವಿಚಾರಣೆಯನ್ನು ವಹಿಸಿಕೊಂಡು, ಮಕ್ಕಳಿಬ್ಬರನ್ನೂ ಜೊತೆಯಲ್ಲಿ ನಿಲ್ಲಿಸಿಕೊಂಡರು. ಹಗಲಿರುಳು ನಿಲ್ಲಬಲ್ಲ ದಾದಿಯರು ಬೇಕಾದಾಗ ಮಾತೆ ಆಲ್ಫ್ರೆಡ್ ಅವರ ಬಳಿಗೆ ಬೇಡಿಕೆ ಬಂದಿತು. ಆ ಸೋದರಿಯರು ತಮ್ಮ ಮಠದ ಬಾಗಿಲನ್ನು ತೆರೆದರು. ಸಭಾಮಂದಿರಕ್ಕೂ ಹೋಗಿ, ಮೂಳೆ ಮುರಿದವರ ಪಕ್ಕದಲ್ಲಿ ಕುಳಿತು, ತಮಗೆ ತಿಳಿಯದ ಕೆಲಸವನ್ನು ವೈದ್ಯರು ತಿಳಿಸಿದಂತೆ ಮಾಡಿದರು.

ಕೆಲವು ವಾರಗಳಲ್ಲಿ ಸಭಾಮಂದಿರ ಬರಿದಾಯಿತು, ಪಾಠಶಾಲೆಯ ಗಂಟೆ ಮತ್ತೆ ಬಾರಿಸಿತು. ಇಲ್ಲಿಗೆ ಮುಗಿದಿದ್ದರೆ ಇದು ಕರುಣೆಯ ಒಂದು ಕಥೆಯಾಗುತ್ತಿತ್ತು. ಆದರೆ ಮಾತೆ ಆಲ್ಫ್ರೆಡ್ ಅವರು ಮರೆಯಲಿಲ್ಲ. ಇನ್ನೊಂದು ವಿಪತ್ತು ಬಂದರೆ ಮತ್ತೆ ನೃತ್ಯಶಾಲೆಯನ್ನು ಹುಡುಕಬೇಕೇ ಎಂಬ ಚಿಂತೆ ಅವರನ್ನು ಬಾಧಿಸಿತು. ಅವರು ಡಾಕ್ಟರ್ ಮೇಯೋ ಅವರಲ್ಲಿಗೆ ಹೋಗಿ, ಊರಿಗೆ ಒಂದು ಆಸ್ಪತ್ರೆ ಬೇಕೆಂದು ಹೇಳಿದರು. ವೈದ್ಯರು ಒಪ್ಪಲಿಲ್ಲ. ಊರು ಚಿಕ್ಕದು, ಖರ್ಚು ಬಹಳ. ಮೇಲಾಗಿ, ಆ ಕಾಲದ ಜನರು ಆಸ್ಪತ್ರೆಯೆಂದರೆ ಸಾಯುವುದಕ್ಕೆ ಹೋಗುವ ಮನೆಯೆಂದು ಹೆದರುತ್ತಿದ್ದರು. ಅವರ ಆಕ್ಷೇಪಣೆಗಳು ವಿವೇಕವುಳ್ಳವುಗಳೇ. ಮಾತೆಯು ವಾದಿಸಲಿಲ್ಲ. ಸೋದರಿಯರು ಹಣ ಕೂಡಿಸಿ ಕಟ್ಟಡವನ್ನು ಕಟ್ಟಿದ್ದೇ ಆದರೆ ತಾವು ಅದರ ವೈದ್ಯಭಾರವನ್ನು ವಹಿಸುವಿರಾ ಎಂಬುದೊಂದನ್ನೇ ಕೇಳಿದರು. ಸುಮಾರು 40,000 ಡಾಲರುಗಳ ಮಾತು ಬಂದಾಗಲೂ ಅವರು ಹಿಂದೆಗೆಯಲಿಲ್ಲ. ವೃದ್ಧ ವೈದ್ಯರು ಮಾತುಕೊಟ್ಟರು.

ಈ ಚರಿತ್ರೆಯ ತಿರುಳು ಮುಂದಿನ ನಾಲ್ಕು ವರ್ಷಗಳಲ್ಲಿದೆಯೆಂದು ನಾವು ತಿಳಿಯುತ್ತೇವೆ; ಆದರೆ ಹೇಳಿಕೊಳ್ಳುವಂತಹ ಘಟನೆಗಳು ಆ ವರ್ಷಗಳಲ್ಲಿ ಯಾವುವೂ ಇಲ್ಲ. ಸೋದರಿಯರು ಪಾಠ ಹೇಳಿದರು, ಸಂಗೀತ ಕಲಿಸಿದರು, ಬಿಡುವಿನಲ್ಲಿ ಕಸೂತಿಯನ್ನು ಹಾಕಿ ಮಾರಿದರು, ಊಟ ಉಡುಪುಗಳಲ್ಲಿ ಮಿತವ್ಯಯದಿಂದ ನಡೆದು, ಕಾಸಿಗೆ ಕಾಸು ಕೂಡಿಸಿದರು. ಒಂದು ಹಾಡಿನ ಪಾಠದಿಂದ ಒಂದು ಇಟ್ಟಿಗೆ ಎಂಬಂತೆ ಆಸ್ಪತ್ರೆ ಬೆಳೆಯಿತು. ಗಾಳಿಯ ದಿನ ಓಡಿಬಂದು ಕೈಕೊಟ್ಟವರು ಊರಿನಲ್ಲಿ ಅನೇಕರಿದ್ದರು. ಗಾಳಿಯ ನೆನಪೇ ಮಾಸಿದ ಮೇಲೆ, ಯಾರೂ ನೋಡದಿರುವಾಗ ದುಡಿದವರು ಇವರು. ಬಿರುಗಾಳಿಯಲ್ಲಿ ನಂಬಿಕೆಯು ಹುಟ್ಟುವುದು ಆಶ್ಚರ್ಯವಲ್ಲ; ಬೇಸರಿಕೆಯ ದಿನಗಳಲ್ಲಿ ಅದು ಬದುಕಿ ಉಳಿಯುವುದೇ ಆಶ್ಚರ್ಯ.

1887ರಲ್ಲಿ ಊರಿನ ಪಶ್ಚಿಮಕ್ಕೆ ಒಂಬತ್ತು ಎಕರೆ ನೆಲವನ್ನು ಕೊಂಡರು. ವೈದ್ಯರು ದೂರದ ಪಟ್ಟಣಗಳ ಆಸ್ಪತ್ರೆಗಳನ್ನು ನೋಡಿ ಬಂದು ಕಟ್ಟಡದ ನಕ್ಷೆಗೆ ಸಲಹೆ ಕೊಟ್ಟರು. 1889ನೆಯ ಇಸವಿ ಸೆಪ್ಟೆಂಬರ್ 30ರಂದು ಸಂತ ಮರಿಯಮ್ಮನವರ ಹೆಸರಿನ ಆ ಆಸ್ಪತ್ರೆಯಲ್ಲಿ ಮೊದಲನೆಯ ಶಸ್ತ್ರಕ್ರಿಯೆ ನಡೆಯಿತು. ಕಣ್ಣಿನ ಅರ್ಬುದವೊಂದನ್ನು ಕಿರಿಯ ಮಗ ಚಾರ್ಲ್ಸ್ ಕೊಯ್ದು ತೆಗೆದರು. ಅಣ್ಣ ವಿಲಿಯಮ್ ನೆರವಾದರು. ಎಪ್ಪತ್ತು ವರ್ಷದ ತಂದೆ ರೋಗಿಗೆ ಮೂರ್ಛೌಷಧವನ್ನು ಕೊಟ್ಟರು. ಆರು ವರ್ಷಗಳ ಹಿಂದೆ ಸೇತುವೆಯ ಮೇಲೆ ಕೂದಲೆಳೆಯಷ್ಟರಲ್ಲಿ ಪಾರಾದ ಮಕ್ಕಳು ಇವರೇ ಎಂಬುದನ್ನು ವಾಚಕರು ಮರೆಯಲಾರರು.

ಮೊದಲು ಇದ್ದ ಹಾಸಿಗೆಗಳು 27. ಬಡವ ಬಲ್ಲಿದ, ಬಿಳಿಯ ಕರಿಯ, ಈ ಸಭೆಯವರು ಆ ಸಭೆಯವರು ಎಂಬ ಭೇದವಿಲ್ಲದೆ ಎಲ್ಲ ರೋಗಿಗಳಿಗೂ ಬಾಗಿಲು ತೆರೆದಿರಬೇಕೆಂದು ಮಾತೆಯು ನಿಯಮಿಸಿದ್ದರು. ಇದು ಸುಲಭವಾಗಿರಲಿಲ್ಲ. ಆ ಕಾಲದಲ್ಲಿ ಅಲ್ಲಿಯ ಕಥೋಲಿಕರಿಗೂ ಪ್ರೊಟೆಸ್ಟಂಟರಿಗೂ ವೈಮನಸ್ಯ ಬಲವಾಗಿತ್ತು. ಕನ್ಯಾಸ್ತ್ರೀಯರ ಆಸ್ಪತ್ರೆಗೆ ಬರಲು ಹಲವರು ಹಿಂಜರಿದರು. ಕಥೋಲಿಕರಲ್ಲದ ವೈದ್ಯರ ಕೈಗೆ ಸಂಘದ ಸ್ವತ್ತನ್ನು ಒಪ್ಪಿಸುವುದೇಕೆಂದು ಸಂಶಯಪಟ್ಟವರೂ ಇದ್ದರು. ಎರಡು ಕಡೆಯವರೂ ಕೊಟ್ಟ ಮಾತಿಗೆ ತಪ್ಪಲಿಲ್ಲ.

ಪಾಠಶಾಲೆಯಿಂದ ಆಸ್ಪತ್ರೆಗೆ ಬಂದ ಸೋದರಿಯರ ಕಷ್ಟವೂ ಅಲ್ಪವಲ್ಲ. ಅವರಲ್ಲಿ ಸೋದರಿ ಮೇರಿ ಜೋಸೆಫ್ ಡೆಂಪ್ಸಿ ಎಂಬವರು, ಗಂಡಸು ರೋಗಿಯೊಬ್ಬನನ್ನು ವೈದ್ಯರು ಪರೀಕ್ಷಿಸುವಾಗ ಸಂಕೋಚದಿಂದ ಗೋಡೆಯ ಕಡೆಗೆ ಮುಖ ಮಾಡಿ ನಿಂತರಂತೆ. ಎಡಿತ್ ಗ್ರಹಾಮ್ ಎಂಬ ಶಿಕ್ಷಣ ಹೊಂದಿದ ದಾದಿಯು ಸೋದರಿಯರಿಗೆ ಶುಶ್ರೂಷೆಯನ್ನು ಕಲಿಸಿದರು. ಈಕೆಯನ್ನು 1893ರಲ್ಲಿ ಚಾರ್ಲ್ಸ್ ಮೇಯೋ ವಿವಾಹವಾದರು. ಗೋಡೆಗೆ ಮುಖ ಮಾಡಿದ ಆ ಸೋದರಿಯೇ ಡಾಕ್ಟರ್ ವಿಲಿಯಮ್ ಮೇಯೋ ಅವರಿಗೆ ಶಸ್ತ್ರಕ್ರಿಯೆಯಲ್ಲಿ ಬಲಗೈಯಾಗಿ ಬಹುಕಾಲ ದುಡಿದು, 1892ರಿಂದ 1939ರ ವರೆಗೆ ಆಸ್ಪತ್ರೆಯ ಮುಖ್ಯಾಧಿಕಾರಿಣಿಯಾಗಿದ್ದರು. ಅವರು ಗುರುತಿಸಿದ ಒಂದು ರೋಗಚಿಹ್ನೆಗೆ ವೈದ್ಯಗ್ರಂಥಗಳಲ್ಲಿ ಅವರದೇ ಹೆಸರಿದೆ. ಅವರ ಕಾಲದಲ್ಲಿ ಹಾಸಿಗೆಗಳು ಸುಮಾರು 600ಕ್ಕೆ ಏರಿದುವು. 1906ರಲ್ಲಿ ಅಲ್ಲಿ ದಾದಿಯರ ಶಿಕ್ಷಣಶಾಲೆಯೂ ಆರಂಭವಾಯಿತು.

ಇಷ್ಟೆಲ್ಲ ಫಲವನ್ನು ಮಾತೆ ಆಲ್ಫ್ರೆಡ್ ಅವರು ಕಣ್ಣಾರೆ ಕಾಣಲಿಲ್ಲ. ಆಸ್ಪತ್ರೆ ತೆರೆದ ಸುಮಾರಿನಲ್ಲಿಯೇ ಸಂಘದ ಮುಖ್ಯಸ್ಥಾನವು ಬೇರೊಬ್ಬರಿಗೆ ಹೋಯಿತು. ತಾವು ಸ್ಥಾಪಿಸಿದ ಸಂಘದ ಅಧಿಕಾರವನ್ನು ಅವರು ಹೀಗೆ ಕಳೆದುಕೊಂಡದ್ದು ಎರಡನೆಯ ಸಲ. ಅನಂತರದ ಹತ್ತು ವರ್ಷಗಳನ್ನು ಹೆಸರು ಮೆರೆಯದೆ ಕಳೆದು, 1899ನೆಯ ಇಸವಿ ಡಿಸೆಂಬರ್ 18ರಂದು ಸೇಂಟ್ ಪಾಲ್ ನಗರದಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ದೇವರ ಪಾದವನ್ನು ಸೇರಿದರು. ವೃದ್ಧ ಡಾಕ್ಟರ್ ಮೇಯೋ ಅವರು 1911ರಲ್ಲಿ ತೀರಿಕೊಂಡರು. ಸೋದರಿ ಮೇರಿ ಜೋಸೆಫ್, ಚಾರ್ಲ್ಸ್, ವಿಲಿಯಮ್ ಈ ಮೂವರೂ 1939ನೆಯ ಒಂದೇ ವರ್ಷದಲ್ಲಿ, ಕೆಲವೇ ತಿಂಗಳುಗಳ ಅಂತರದಲ್ಲಿ, ಒಬ್ಬರ ಹಿಂದೆ ಒಬ್ಬರು ಅಗಲಿದರು. ಕನ್ಯಾಸ್ತ್ರೀಯರೂ ವೈದ್ಯರೂ ಬರಹದ ಕರಾರಿಗಿಂತ ಬಾಯಿಮಾತಿನ ನಂಬಿಕೆಯ ಮೇಲೆಯೇ ಹೆಚ್ಚಾಗಿ ನಡೆಯಿಸಿಕೊಂಡು ಬಂದ ಆಸ್ಪತ್ರೆಯೂ ಚಿಕಿತ್ಸಾಲಯವೂ 1986ರಲ್ಲಿ ಒಂದೇ ಸಂಸ್ಥೆಯಾಗಿ ಕೂಡಿದುವು.

ಈ ಶಾಲೆಯಿಂದ ಹೊರಟು ಉಪಾಧ್ಯಾಯಿನಿಯರೂ ದಾದಿಯರೂ ಗೃಹಿಣಿಯರೂ ಆಗಿರುವ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿಯ ಮನೆಗಳ ಮೇಲೆ ಒಂದಲ್ಲ ಒಂದು ಗಾಳಿ ಬೀಸಿರಬಹುದು. ಅದು ಏಕೆ ಬೀಸಿತೆಂಬುದನ್ನು ವಿವರಿಸುವ ಶಕ್ತಿ ನಮಗಿಲ್ಲ. ಮಾತೆ ಆಲ್ಫ್ರೆಡ್ ಅವರೂ ಅದನ್ನು ವಿವರಿಸಲು ಹೊರಡಲಿಲ್ಲ. ಅವರು ಮರುದಿನ ಪಾಠಕ್ಕೆ ಹೋದರು, ಸಂಜೆ ಸೂಜಿಯನ್ನು ಹಿಡಿದರು, ಕೊಟ್ಟ ಮಾತನ್ನು ಆರು ವರ್ಷಗಳ ವರೆಗೂ ನೆನಪಿಟ್ಟುಕೊಂಡರು. ನಮ್ಮ ಮಕ್ಕಳಿಗೂ ದೇವರು ಅಂತಹ ನೆನಪನ್ನೂ ಅಂತಹ ತಾಳ್ಮೆಯನ್ನೂ ಅನುಗ್ರಹಿಸಲೆಂದು ನಾವು ಹಾರೈಸುತ್ತೇವೆ.