ಶಿಶುಶಿಕ್ಷಣದ ಸಾಧಕ ಗಿಜುಭಾಯಿ ಬಧೇಕಾ

ಬೆತ್ತವಿಲ್ಲದೆ ವಿದ್ಯೆಯಿಲ್ಲವೆಂಬ ನಂಬಿಕೆ ಬೇರೂರಿದ್ದ ಕಾಲದಲ್ಲಿ, ಪ್ರೀತಿ ಹಾಗೂ ಸ್ವಾತಂತ್ರ್ಯಗಳ ಆಧಾರದ ಮೇಲೆ ಶಾಲೆಯನ್ನು ನಡೆಸಿ ತೋರಿಸಿದ ಮಹನೀಯರಲ್ಲಿ ಗುಜರಾತಿನ ಗಿಜುಭಾಯಿ ಬಧೇಕಾ ಅವರು ಅಗ್ರಗಣ್ಯರು. ಗಿರಿಜಾಶಂಕರ ಎಂಬುದು ಅವರ ಜನ್ಮನಾಮ. 1885ರ ನವೆಂಬರ್ 15ರಂದು ಸೌರಾಷ್ಟ್ರದ ಚಿತಲ್ ಗ್ರಾಮದಲ್ಲಿ ಜನಿಸಿದ ಅವರು, 1907ರಲ್ಲಿ ಜೀವನೋಪಾಯವನ್ನರಸಿ ಪೂರ್ವ ಆಫ್ರಿಕಕ್ಕೆ ತೆರಳಿದರು. ಕೆಲಕಾಲದ ನಂತರ ಸ್ವದೇಶಕ್ಕೆ ಮರಳಿ, ಮುಂಬಯಿಯಲ್ಲಿ ಕಾನೂನು ವ್ಯಾಸಂಗ ಮಾಡಿ, ವಢವಾಣದಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡರು.

1913ರಲ್ಲಿ ಪುತ್ರಜನನವಾದುದು ಅವರ ಬಾಳಿನ ದಿಕ್ಕನ್ನೇ ಬದಲಿಸಿತು. ಭಯವೇ ಆಳುತ್ತಿದ್ದ ಅಂದಿನ ಶಾಲೆಗಳಿಗೆ ಮಗನನ್ನು ಒಪ್ಪಿಸಲು ತಂದೆಯ ಮನಸ್ಸು ಹಿಂಜರಿಯಿತು. ಉತ್ತಮ ಮಾರ್ಗವನ್ನು ಅರಸುತ್ತಿದ್ದಾಗ ಮಾರಿಯಾ ಮಾಂಟೆಸ್ಸರಿಯವರ ಪದ್ಧತಿಯನ್ನು ಕುರಿತ ಗ್ರಂಥ ಅವರ ಕೈಸೇರಿತು. 1916ರಲ್ಲಿ ವಕೀಲಿಯನ್ನು ತೊರೆದು, ನಾನಾಭಾಯಿ ಭಟ್ಟರು ಭಾವನಗರದಲ್ಲಿ ನಡೆಸುತ್ತಿದ್ದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು. ಸ್ವಂತ ಮಗನ ಚಿಂತೆ ಹೀಗೆ ನಾಡಿನ ಮಕ್ಕಳೆಲ್ಲರ ಚಿಂತೆಯಾಗಿ ಬೆಳೆಯಿತು.

1920ರಲ್ಲಿ ಅವರು ಅಲ್ಲಿ ಎಳೆಯರಿಗಾಗಿ ಬಾಲಮಂದಿರವನ್ನು ಆರಂಭಿಸಿದರು. ಅಲ್ಲಿ ದಂಡನೆಯೂ ಇರಲಿಲ್ಲ, ಬಹುಮಾನದ ಆಮಿಷವೂ ಇರಲಿಲ್ಲ. ಇಂದ್ರಿಯಗಳನ್ನು ಪಳಗಿಸುವ ಸಾಧನಗಳನ್ನು ಮಾಂಟೆಸ್ಸರಿ ಪದ್ಧತಿಯಿಂದ ಪಡೆದರೂ ಅವರು ಕುರುಡು ಅನುಕರಣೆ ಮಾಡಲಿಲ್ಲ. ಕಲ್ಪನಾಕಥೆಗಳ ವಿಷಯದಲ್ಲಿ ಮಾಂಟೆಸ್ಸರಿಯವರಿಗೆ ಸಂಕೋಚವಿದ್ದರೆ, ಗಿಜುಭಾಯಿಯವರು ಅಜ್ಜಿಕಥೆ, ಜನಪದ ಗೀತೆ, ನಾಟಕಗಳಿಗೆ ಶಾಲೆಯ ಬಾಗಿಲನ್ನು ತೆರೆದರು. ಮಕ್ಕಳು ಅವರನ್ನು ಮೀಸೆಯ ತಾಯಿ ಎಂಬರ್ಥದ ಮೂಛಾಳಿ ಮಾ ಎಂಬ ಅಕ್ಕರೆಯ ಹೆಸರಿನಿಂದ ಕರೆದರು.

ಮಗುವಿನ ಭಯ ನೀಗಬೇಕಾದರೆ ಮೊದಲು ಗುರುವಿನ ಮನಸ್ಸು ಮಾಗಬೇಕೆಂಬುದು ಅವರ ದೃಢ ನಿಲುವಾಗಿತ್ತು. ಆದುದರಿಂದಲೇ 1925ರಲ್ಲಿ ಶಿಕ್ಷಕರ ತರಬೇತಿಗಾಗಿ ಅಧ್ಯಾಪನ ಮಂದಿರವನ್ನೂ, 1926ರಲ್ಲಿ ತಾರಾಬಾಯಿ ಮೋಡಕರೊಡನೆ ನೂತನ ಬಾಲ ಶಿಕ್ಷಣ ಸಂಘವನ್ನೂ ಕಟ್ಟಿದರು. ಅವರ 'ದಿವಾಸ್ವಪ್ನ'ದ ನಾಯಕನೂ ಒಬ್ಬ ಶಿಕ್ಷಕನೇ. ಸಾಮಾನ್ಯ ಶಾಲೆಯ ನಾಲ್ಕನೆಯ ತರಗತಿಯನ್ನು ವಹಿಸಿಕೊಂಡು, ಕಥೆ, ಆಟ, ಶುಚಿತ್ವ, ವಾಚನಗಳಿಂದ ಒಂದೇ ವರ್ಷದಲ್ಲಿ ಅದರ ಚಹರೆಯನ್ನೇ ಬದಲಿಸುತ್ತಾನೆ. ಸಹೋದ್ಯೋಗಿಗಳ ಕುಹಕ, ಪೋಷಕರ ಸಂಶಯ, ಪರೀಕ್ಷೆಯ ಒತ್ತಡ ಇವಾವುವನ್ನೂ ಗ್ರಂಥಕರ್ತರು ಮರೆಮಾಚಿಲ್ಲ. ಅದಕ್ಕಾಗಿಯೇ ಶಿಕ್ಷಕರಿಗೆ ಆ ಕೃತಿ ಆಪ್ತವಾಗಿದೆ.

1939ರ ಜೂನ್ 23ರಂದು, ಐವತ್ತಮೂರರ ವಯಸ್ಸಿನಲ್ಲಿ ಗಿಜುಭಾಯಿಯವರು ಕಾಲವಶರಾದರು. ಅದೇ ವರ್ಷದ ನವೆಂಬರಿನಲ್ಲಿ ಮಾಂಟೆಸ್ಸರಿಯವರು ಮದರಾಸಿಗೆ ಆಗಮಿಸಿದರು. ತಮಗೆ ದಾರಿ ತೋರಿದ ಆ ಮಹಿಳೆಯನ್ನು ಭಾರತದ ನೆಲದಲ್ಲಿ ಸ್ವಾಗತಿಸುವ ಭಾಗ್ಯ ಅವರಿಗೆ ಒದಗಲಿಲ್ಲ. ಆದರೆ ಅವರು ಹಚ್ಚಿದ ದೀಪ ನಂದಲಿಲ್ಲ. 1945ರಲ್ಲಿ ತಾರಾಬಾಯಿಯವರು ಬೋರ್ಡಿಯಲ್ಲಿ ಬಡ ಮಕ್ಕಳ ಮನೆಯಂಗಳಕ್ಕೇ ಶಾಲೆಯನ್ನು ಕೊಂಡೊಯ್ದರು. ಇಂದು ನಮ್ಮ ಹಳ್ಳಿಹಳ್ಳಿಗಳಲ್ಲಿ ಬಳಕೆಯಲ್ಲಿರುವ ಅಂಗನವಾಡಿ ಎಂಬ ಮಾತು ಆ ಪ್ರಯತ್ನವನ್ನು ನೆನಪಿಸುತ್ತದೆ.

ಭವ್ಯ ಕಟ್ಟಡ, ಸಮೃದ್ಧ ಸಲಕರಣೆ ಇವೆಲ್ಲವೂ ಶಾಲೆಗೆ ಬೇಕು. ಅವುಗಳ ನಡುವೆ ಮಗು ನಿರ್ಭಯವಾಗಿ ನಗುವಂತಾದಾಗಲೇ ದಾನಿಯ ದಾಸೋಹವೂ ಗುರುವಿನ ಕಾಯಕವೂ ಸಾರ್ಥಕವಾಗುತ್ತವೆ. ಗಿಜುಭಾಯಿಯವರ ಬಾಳು ಸಾರುವ ತಿರುಳು ಇದೇ ಆಗಿದೆ.